ಗಣಕಯಂತ್ರಕ್ಕೆ ಹೊಸ ಕಾರ್ಯಾಚರಣಾ ವ್ಯವಸ್ಥೆ

ಮೇಲ್ದರ್ಜೆ ಸ್ಥಾಪನೆ ಎಂದರೇನು

ಗಣಕಯಂತ್ರದ ಬಿಡಿಭಾಗಗಳನ್ನೂ ಅದರಲ್ಲಿ ಬಳಸುವ ತಂತ್ರಾಂಶಗಳನ್ನೂ ಬೆಸೆಯುವ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಂಡು ಹಳೆಯ ಆವೃತ್ತಿಯ ಜಾಗದಲ್ಲಿ ಹೊಸದನ್ನು ನೆಲೆಗೊಳಿಸುವುದು ಮೇಲ್ದರ್ಜೆ ಸ್ಥಾಪನೆ. ಡಿಸ್ಕನ್ನು ಪೂರ್ತಿ ಅಳಿಸಿ, ಅಂಗಡಿಯ ಮಾತಿನಲ್ಲಿ ‘ಫಾರ್ಮ್ಯಾಟ್ ಹೊಡೆದು’, ಹೊಸದಾಗಿ ಹಾಕುವುದು ಇನ್ನೊಂದು ವಿಧಾನ. ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಿಗೆ ಈ ಎರಡರ ಅಂತರ ದೊಡ್ಡದು. ಅರ್ಜಿ, ಕ್ರಯಪತ್ರದ ಕರಡು, ಲಗ್ನಪತ್ರಿಕೆ ಎಂದು ವರ್ಷಗಟ್ಟಲೆಯ ಕೆಲಸ ಅಲ್ಲಿ ಒಂದೇ ಯಂತ್ರದಲ್ಲಿ ಕೂಡಿರುವುದುಂಟು.

ಯಾವ ಯಂತ್ರಕ್ಕೆ ಸಾಧ್ಯ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ, ಭದ್ರತೆಗಾಗಿ ಟಿಪಿಎಂ 2.0 ಎಂಬ ಘಟಕ ಇರಬೇಕು. ಇಂಟೆಲ್ ಸಂಸ್ಕಾರಕಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯವು ಮತ್ತು ಅನಂತರದವು ಮಾತ್ರ ಅರ್ಹ. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿ ದೊರೆಯುವುದರಿಂದ, 32 ಬಿಟ್ ವಿಂಡೋಸ್ ಓಡುತ್ತಿರುವ ಯಂತ್ರದಲ್ಲಿ ನೇರ ಮೇಲ್ದರ್ಜೆ ಆಗದು. ಯಂತ್ರ ಅರ್ಹವಾಗಿದ್ದರೂ ಹೊಸದಾಗಿಯೇ ಹಾಕಬೇಕು.

ಒಳಗೆ ನಡೆಯುವುದು

ಸ್ಥಾಪನಾ ತಂತ್ರಾಂಶ ಮೊದಲು ಯಂತ್ರದ ಹೊಂದಾಣಿಕೆಯನ್ನು ಪರೀಕ್ಷಿಸುತ್ತದೆ. ಆಮೇಲೆ ಯಂತ್ರವನ್ನು ಒಂದು ಪುಟ್ಟ ತಾತ್ಕಾಲಿಕ ವ್ಯವಸ್ಥೆಯಲ್ಲಿ ಆರಂಭಿಸಿ, ಹೊಸ ಆವೃತ್ತಿಯನ್ನು ಡಿಸ್ಕಿನ ಮೇಲೆ ಹರಡುತ್ತದೆ. ಚಾಲಕ ತಂತ್ರಾಂಶಗಳೂ (ಡ್ರೈವರ್) ಬಳಕೆದಾರರ ಹೊಂದಿಕೆಗಳೂ ಹೊಸ ಮನೆಗೆ ಬರುವುದು ಅನಂತರ. ಯಂತ್ರ ಹಲವು ಬಾರಿ ತಾನಾಗಿ ಆರಿ ಹೊತ್ತುವುದು ಇದೇ ಕಾರಣಕ್ಕೆ. ಈ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಯುಪಿಎಸ್ ಇಲ್ಲದೆ ಕೈಹಾಕದಿರುವುದು ಲೇಸು. ಹಳೆಯ ವ್ಯವಸ್ಥೆ ‘ವಿಂಡೋಸ್.ಓಲ್ಡ್’ ಎಂಬ ಕಡತಕೋಶದಲ್ಲಿ ಉಳಿಯುತ್ತದೆ. ಸಾಮಾನ್ಯವಾಗಿ 10 ದಿನಗಳೊಳಗೆ ಅದಕ್ಕೆ ಮರಳಬಹುದು.

ಕನ್ನಡ ಕಡತಗಳ ಪಾಡು

ಅಂಗಡಿಗಳಲ್ಲಿ ಎಡವುವ ಜಾಗ ಇದು. 2001ರಲ್ಲಿ ಬಂದ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7 ಯೂನಿಕೋಡ್ ಅರಿಯದು. ಅದರಲ್ಲಿ ಕನ್ನಡ ಮೂಡಿಸಲು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳೇ ಬೇಕು. ಆ ಕಡತಗಳಲ್ಲಿ ಇರುವುದು ಕನ್ನಡದ ಸಂಕೇತಗಳಲ್ಲ, ರೋಮನ್ ಅಕ್ಷರಗಳ ಸಂಕೇತಗಳು. ಕನ್ನಡದ ರೂಪ ಕೊಡುವುದು ಫಾಂಟ್. ಮೇಲ್ದರ್ಜೆಯಲ್ಲಿ ಫಾಂಟ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಫಾರ್ಮ್ಯಾಟ್ ಹೊಡೆದರೆ ಅವು ಹೋಗುತ್ತವೆ. ಆಗ ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿದ ಲಗ್ನಪತ್ರಿಕೆಯೂ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಆದ್ದರಿಂದ ದಾಖಲೆಗಳ ಜೊತೆಗೆ ಫಾಂಟ್‌ಗಳು, ಕೀಲಿಮಣೆ ತಂತ್ರಾಂಶ, ಪ್ರಿಂಟರಿನ ಚಾಲಕ ಇವನ್ನೂ ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು.

ಹೊಸ ವ್ಯವಸ್ಥೆ ಬಂದ ಕೂಡಲೇ ಹಳೆಯ ಕಡತವೊಂದನ್ನು ತೆರೆದು, ನಾಲ್ಕು ಸಾಲು ಟೈಪಿಸಿ, ಮುದ್ರಿಸಿ ನೋಡಬೇಕು. ನಂಜನಗೂಡಿನ ದೊಡ್ಡ ಜಾತ್ರೆಗೆ ಕರಪತ್ರಗಳ ಒತ್ತಡ ಇರುವಾಗ ಈ ಕೆಲಸ ಬೇಡ. ಮರಳಲು ಸಿಗುವ 10 ದಿನಗಳು ಪರೀಕ್ಷೆಗೇ ಬೇಕಾಗುತ್ತವೆ.