ಬಳೆಯ ಅಳತೆ, ಚಕ್ರದ ಅಳತೆ

ಬಳೆ ಅಂಗಡಿಯಲ್ಲಿ ಕೂತು ಕೈ ನೀಡಿದರೆ ಬಳೆಗಾರ ನಮ್ಮನ್ನು ಅಳತೆ ಕೇಳುವುದೇ ಇಲ್ಲ. ಗೆಣ್ಣುಗಳನ್ನು ಒಮ್ಮೆ ಒತ್ತಿ ನೋಡಿ, 'ಎರಡು ನಾಲ್ಕು' ಎಂದೋ 'ಎರಡು ಆರು' ಎಂದೋ ತನ್ನಷ್ಟಕ್ಕೆ ಹೇಳಿಕೊಂಡು ಡಬ್ಬಿ ತೆಗೆಯುತ್ತಾನೆ. ನಾವೂ ಆ ಲೆಕ್ಕವನ್ನು ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದೇವೆ. ಎರಡು ನಾಲ್ಕು ಎಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ. ಅದು ಬಳೆಯ ಒಳಗಿನ ಅಳತೆ. ಬಳೆ ಗೀರಿನಷ್ಟು ತೆಳ್ಳಗಿರಲಿ, ಬೆರಳು ದಪ್ಪ ಇರಲಿ, ಕೈಗೆ ಏರಬೇಕಾದದ್ದು ಒಳಗಿನ ಸುತ್ತು ತಾನೆ?

ನನ್ನ ವಿಷಯದಲ್ಲಿ ಮಾತ್ರ ಬಳೆಗಾರ ಪ್ರತಿ ಸಲ ಎಡವುತ್ತಾನೆ. ನನ್ನ ಬಲಗೈಗೆ ಎರಡು ನಾಲ್ಕು, ಎಡಗೈಗೆ ಎರಡು ಆರು. 'ಇದೇನಮ್ಮಾ, ಎರಡು ಕೈಗೆ ಎರಡು ಸೈಜು?' ಎನ್ನುತ್ತಾನೆ. 'ಮೋಟಾರ್ ಸೈಕಲ್ಲಿನ ಟೈರಿಂದ' ಎಂದರೆ ತಮಾಷೆ ಎಂದುಕೊಂಡು ನಗುತ್ತಾನೆ. ನಿಜ ಸಂಗತಿ ಹೇಳುವುದಕ್ಕೆ ಬಳೆ ಅಂಗಡಿಯಲ್ಲಿ ಪುರುಸೊತ್ತಿರುವುದಿಲ್ಲ. ಇಲ್ಲಿ ಹೇಳುತ್ತೇನೆ.

ನಾನು 1980ರಲ್ಲಿ ಮದುವೆಯಾಗಿ ಹಾಸನಕ್ಕೆ ಬಂದಾಗ ಮನೆಯಲ್ಲಿ ನನಗಿಂತ ಒಂದು ವರ್ಷ ಮೊದಲೇ ಬಂದು ಕೂತಿದ್ದ ಸವತಿ ಅದು, ಕಪ್ಪು ಬಣ್ಣದ ಬುಲೆಟ್. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಭಾನುವಾರ ಬೆಳಿಗ್ಗೆ ನನ್ನ ಕಾಫಿಗಿಂತ ಮೊದಲು ಅದಕ್ಕೆ ಸ್ನಾನ. ಈ ಬುಲೆಟ್ಟಿಗೆ ಮೂಲ ಇಂಗ್ಲೆಂಡಿನ ರೆಡಿಚ್ ಎಂಬ ಊರು. ರಾಯಲ್ ಎನ್‌ಫೀಲ್ಡ್ ಕಂಪನಿ 1932ರಲ್ಲಿ ಈ ಹೆಸರಿಟ್ಟಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು, ಮದರಾಸಿನ ಪಕ್ಕದ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ತವರಿನಲ್ಲಿ ಕಂಪನಿ 1970ರ ಹೊತ್ತಿಗೆ ಬಾಗಿಲು ಹಾಕಿದರೂ ಕೊಟ್ಟ ಮನೆಯಲ್ಲಿ ಬುಲೆಟ್ ಬದುಕಿತು. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಟೈರಿನ ಕಥೆಯೂ ಅದೇ ತಿರುವೊಟ್ಟಿಯೂರಿಗೆ ಹೋಗಿ ಮುಟ್ಟುತ್ತದೆ. 1946ರಲ್ಲಿ ಮಾಮ್ಮೆನ್ ಮಾಪ್ಪಿಳ್ಳೈ ಎಂಬವರು ಅಲ್ಲೊಂದು ಶೆಡ್ಡಿನಲ್ಲಿ ಮಕ್ಕಳಾಡುವ ಬಲೂನು ಮಾಡಲು ಶುರುಮಾಡಿದರು. 1952ರಲ್ಲಿ ಸವೆದ ಟೈರಿಗೆ ಹೊದಿಸುವ ರಬ್ಬರು ಮಾಡಿದರು, 1961ರಲ್ಲಿ ಟೈರನ್ನೇ ಮಾಡತೊಡಗಿದರು. ಅದೇ ಎಂಆರ್‌ಎಫ್. ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದೂ ಮಗುವಿನ ನೆಪದಲ್ಲಿಯೇ. ಬೆಲ್‌ಫಾಸ್ಟಿನಲ್ಲಿ ದನದ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ ಕಲ್ಲುಹಾಸಿನ ಮೇಲೆ ಕುಲುಕುವುದನ್ನು ನೋಡಲಾರದೆ ಗಾಳಿಕೊಳವೆ ಸುತ್ತಿದ, 1888ರಲ್ಲಿ ಪೇಟೆಂಟ್ ಪಡೆದ. ಅವನಿಗೂ ನಲವತ್ತು ವರ್ಷ ಹಿಂದೆ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಇದನ್ನೇ ಮಾಡಿದ್ದನಂತೆ, ಆದರೆ ಆಗ ಅದನ್ನು ಕೇಳುವವರಿರಲಿಲ್ಲ.

ಇನ್ನು ಟೈರಿನ ಪಕ್ಕೆಯ ಮೇಲಿನ ಅಂಕೆ. ನಮ್ಮ ಬುಲೆಟ್ಟಿನ ಎರಡೂ ಟೈರುಗಳ ಮೇಲೆ 3.25-19 ಎಂದಿತ್ತು. ನಮ್ಮವರು ಹೊಸದರಲ್ಲೇ ನನಗೆ ಪಾಠ ಮಾಡಿದ್ದರು: 'ಹಿಂದಿನ ಅಂಕೆ ನಿನ್ನ ಬಳೆ ಇದ್ದ ಹಾಗೆ. ಟೈರು ಕೂರುವ ರಿಮ್ಮು 19 ಇಂಚು. ಮುಂದಿನದು ಟೈರಿನ ದಪ್ಪ, ಮೂರೂ ಕಾಲು ಇಂಚು.' ಹಳೆಯ ಕಾಲದ ಟೈರು ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಹಾಗಾಗಿ 19ಕ್ಕೆ ಮೇಲೊಂದು ಕೆಳಗೊಂದು ಮೂರೂಕಾಲು ಕೂಡಿಸಿದರೆ ಇಡೀ ಚಕ್ರ ಇಪ್ಪತ್ತೈದೂವರೆ ಇಂಚು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಸಿದ ಬಿಎಸ್‌ಎ, ನಾರ್ಟನ್, ಮ್ಯಾಚ್‌ಲೆಸ್ ಗಾಡಿಗಳಿಗೂ ಹೆಚ್ಚಾಗಿ ಇದೇ ಅಳತೆ. ಗಾಡಿ ಯಾವ ಕಂಪನಿಯದಾದರೂ ಟೈರು ಒಂದೇ ಆದರೆ ರಣರಂಗದಲ್ಲಿ ರಿಪೇರಿ ಸುಲಭ. ಹಿಂದೆ ಮುಂದೆ ಒಂದೇ ಅಳತೆಯಾದರೆ ಒಂದು ಟ್ಯೂಬಿನಲ್ಲಿ ಎರಡೂ ಚಕ್ರದ ಆಪತ್ತು ಕಳೆಯುತ್ತದೆ. ಚೇತಕ್ ಸ್ಕೂಟರಿನಲ್ಲೂ ಎರಡು ಚಕ್ರಕ್ಕೂ 3.50-10 ಇದ್ದದ್ದರಿಂದಲೇ ಒಂದು ಸ್ಟೆಪ್ನಿ ಸಾಕಾಗುತ್ತಿತ್ತು. ಅಂದಹಾಗೆ, ನಾವು ದಿನಾ ಆಡುವ ಈ 'ಸ್ಟೆಪ್ನಿ' ವೇಲ್ಸ್ ದೇಶದ ಲನೆಲ್ಲಿ ಊರಿನ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿಯ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರ ಮಾಡಿ ಮಾರಿದ್ದು ಆ ಬೀದಿಯಿಂದ.

ಎರಡೂ ಚಕ್ರಕ್ಕೆ ಅಳತೆ ಒಂದೇ ಆದರೂ ದುಡಿಮೆ ಒಂದೇ ಅಲ್ಲ. ಮುಂದಿನದು ದಾರಿ ತೋರಿಸುತ್ತದೆ, ಹಿಂದಿನದು ಸಂಸಾರ ಹೊರುತ್ತದೆ. ಇಂಜಿನ್ನು ಎಳೆಯುವುದು ಅದನ್ನೇ. ಹಿಂದೆ ಕೂತವಳ ಭಾರ, ಅವಳ ಮಡಿಲಿನ ಮಗುವಿನ ಭಾರ, ಪಕ್ಕಕ್ಕೆ ಕಟ್ಟಿದ ಚೀಲದ ಭಾರ, ಬಹುಪಾಲು ಎಲ್ಲವೂ ಅದರ ಮೇಲೆ. ಬೇಗ ಸವೆಯುವುದೂ ಅದೇ.

ನಮ್ಮದು 1984ರ ಹೊತ್ತಿಗೆ ಸವೆದು ಬೋಳಾಗಿತ್ತು. ಧರ್ಮಸ್ಥಳಕ್ಕೆ ಹೊರಡುವ ಮೊದಲು ಬದಲಿಸೋಣವೆಂದು ನಮ್ಮವರು ಪೇಟೆಯ ಒಂದು ಅಂಗಡಿಗೆ ಹೋದರು. 3.25 ಇರಲಿಲ್ಲ. ಅಂಗಡಿಯವನು ಎಲ್ಲಿಂದಲೋ ಒಂದು 4.00-19 ತೆಗೆದು, 'ಮಿಲಿಟರಿ ಮಾಲು ಸಾರ್, ದಪ್ಪ ಇದ್ದಷ್ಟೂ ಗಟ್ಟಿ' ಎಂದು ಹಾಕಿಕೊಟ್ಟ. ನೋಡುವುದಕ್ಕೇನೋ ಗತ್ತಾಗಿತ್ತು. ನಾನೂ 'ಚೆನ್ನಾಗಿದೆ' ಎಂದೆ. ಆ ಮಾತನ್ನು ಆಮೇಲೆ ಎಷ್ಟು ಸಲ ನುಂಗಿಕೊಂಡಿದ್ದೇನೋ!

ಲೆಕ್ಕ ಮಾಡಿದ್ದರೆ ಆವತ್ತೇ ತಿಳಿಯುತ್ತಿತ್ತು. 19ಕ್ಕೆ ಎರಡು ನಾಲ್ಕು ಕೂಡಿದರೆ 27. ಚಕ್ರದ ನೆತ್ತಿ ಮುಕ್ಕಾಲು ಇಂಚು ಮೇಲಕ್ಕೆ ಹೋಯಿತು. ಜೊತೆಗೆ ಬುಲೆಟ್ಟಿನ ರಿಮ್ಮು ಕಿರಿದು, ಅಗಲ ಎರಡು ಇಂಚೂ ಇಲ್ಲ. ಕಿರಿದಾದ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಬುಡ ಹಿಸುಕಿಕೊಂಡು ನೆತ್ತಿ ಇನ್ನಷ್ಟು ಉಬ್ಬುತ್ತದೆ. ಒಬ್ಬರೇ ಊರೊಳಗೆ ಓಡಾಡುವಾಗ ಏನೂ ಆಗಲಿಲ್ಲ. ಇಬ್ಬರು ಕೂತು ಚೀಲ ಹೇರಿ ಹೊರಟಾಗ ಹಿಂದಿನ ಸ್ಪ್ರಿಂಗು ಕುಗ್ಗಿತು, ಪ್ರತಿ ಗುಂಡಿಗೂ ಟೈರು ಮೇಲೆದ್ದು ಮಡ್ಗಾರ್ಡಿನ ಒಳಗಿನ ಬೋಲ್ಟಿನ ತಲೆಗೆ ಉಜ್ಜತೊಡಗಿತು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟುವವರೆಗೆ ರಬ್ಬರಿನ ವಾಸನೆ ಬರುತ್ತಲೇ ಇತ್ತು. ಬ್ರೇಕಿನದಿರಬೇಕು ಎಂದುಕೊಂಡೆವು. ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಪಟಾಕಿಯಂತೆ ಸದ್ದಾಯಿತು. ಕಣ್ಣು ಬಿಟ್ಟಾಗ ನಾನು ಚರಂಡಿಯಲ್ಲಿದ್ದೆ. ಬಲಕ್ಕೆ ಬಿದ್ದಿದ್ದರೆ ಪ್ರಪಾತ.

ಎಡಗೈ ಹೆಬ್ಬೆರಳ ಬುಡದ ಮೂಳೆ ಮುರಿದಿತ್ತು. ಕೂಡಿಕೊಂಡಿತು, ಆದರೆ ಗಂಟಾಗಿ ಕೂಡಿಕೊಂಡಿತು. ಅಂಗೈ ಮೊದಲಿನಂತೆ ಮಡಚದು, ಎರಡು ನಾಲ್ಕರ ಬಳೆ ಏರದು. ನಮ್ಮವರಿಗೆ ಮೈಮೇಲೆ ತರಚು ಗಾಯ ಅಷ್ಟೇ. ಒಳಗೆ ಆದದ್ದು ಮಾತ್ರ ಮಾಯಲೇ ಇಲ್ಲ. ಟೈರನ್ನು ಸರಿಯಾದ ಅಳತೆಗೆ ಬದಲಿಸಿದರು, ಗಾಡಿ ಮಾರಲಿಲ್ಲ, ಶಾಲೆಗೆ ಅದರಲ್ಲೇ ಹೋದರು. ಆದರೆ ನನ್ನನ್ನು ಬಸ್‌ಸ್ಟ್ಯಾಂಡಿಗಿಂತ ಆಚೆಗೆ ಹಿಂದೆ ಕೂರಿಸಿಕೊಂಡು ಹೋಗಲಿಲ್ಲ. ನಾನು ಕೇಳಲೂ ಇಲ್ಲ. ಮೂವತ್ತೆರಡು ವರ್ಷ ನಾವಿಬ್ಬರೂ ಆ ವಿಷಯ ಎತ್ತದೆ ಸಂಸಾರ ಮಾಡಿದೆವು. 2016ರಲ್ಲಿ ಅವರು ಹೋದರು. ಬುಲೆಟ್ ಶೆಡ್ಡು ಸೇರಿ ಮೇಲೆ ಹಳೆ ಜಮಖಾನ ಹೊದ್ದುಕೊಂಡಿತು.

ಬೆಂಗಳೂರಿನಲ್ಲಿರುವ ಮಗಳು 2023ರ ಬೇಸಿಗೆಯಲ್ಲಿ ಬಂದವಳು ಜಮಖಾನ ಎತ್ತಿದಳು. 'ಅಮ್ಮಾ, ಇದನ್ನ ರೆಡಿ ಮಾಡಿಸ್ತೀನಿ. ನಾನೇ ಓಡಿಸ್ತೀನಿ, ನೀನು ಹಿಂದೆ ಕೂತ್ಕೋ, ಧರ್ಮಸ್ಥಳಕ್ಕೆ ಹೋಗೋಣ' ಎಂದಳು. ನನ್ನ ಎಡಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು.

ಗ್ಯಾರೇಜಿನ ಸಾಬರು ನಮ್ಮವರ ಕಾಲದವರು. ಮೊದಲು ಹಳೆ ಟೈರಿನ ಪಕ್ಕೆ ಒರೆಸಿ ನಾಲ್ಕು ಅಂಕೆ ತೋರಿಸಿದರು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 'ಗ್ರಿಪ್ ಚೆನ್ನಾಗಿದೆ ಅನ್ಬೇಡಿ ಅಮ್ಮಾವ್ರೇ, ರಬ್ಬರು ಮುದಿಯಾಗಿದೆ' ಎಂದರು. ಸರಿ, ಹೊಸದು ಯಾವುದು? ಅವರ ಶಿಷ್ಯನಿಗೆ ಉತ್ಸಾಹವೋ ಉತ್ಸಾಹ. 'ಹಿಂದ್ಗಡೆ ದಪ್ಪ ಟೈರ್ ಹಾಕ್ಬಿಡೋಣ ಆಂಟಿ, ಈಗಿನ ಬುಲೆಟ್ ಥರ ಲುಕ್ಕು ಬರುತ್ತೆ!' ದಪ್ಪ ಇದ್ದಷ್ಟೂ ಗಟ್ಟಿ ಎಂದವನ ಮಾತೇ ಮತ್ತೆ ಕೇಳಿದಂತಾಯಿತು.

ಹುಡುಗ ಹೇಳಿದ್ದರಲ್ಲಿ ಪೂರ್ತಿ ಸುಳ್ಳಿಲ್ಲ. 2023ರಲ್ಲಿ ಬಂದ ಹೊಸ ಬುಲೆಟ್ಟಿಗೆ ಮುಂದೆ 100/90-19, ಹಿಂದೆ 120/80-18. ಹೊಸ ಲೆಕ್ಕದಲ್ಲಿ ಮೊದಲ ಅಂಕೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲಕ್ಕೆ ಎತ್ತರ ಶೇಕಡಾ ಎಷ್ಟು ಎಂಬುದು, ಕೊನೆಯದು ಮಾತ್ರ ಇಂದಿಗೂ ಇಂಚಿನ ರಿಮ್ಮು. ಹಿಂದಿನ ರಿಮ್ಮನ್ನು ಒಂದಿಂಚು ಕಿರಿದು ಮಾಡಿ ಟೈರನ್ನು ದಪ್ಪ ಮಾಡಿದರೆ ಚಕ್ರದ ಒಟ್ಟು ಎತ್ತರ ಹಳೆಯದರ ಆಸುಪಾಸಿನಲ್ಲೇ ಉಳಿಯುತ್ತದೆ, ಭಾರ ಹೊರಲು ಗಾಳಿಯೂ ಹೆಚ್ಚು. ಜಾಣತನವೇ. ಆದರೆ ಆ ಗಾಡಿಯ ಮೈಕಟ್ಟನ್ನೇ ಅದಕ್ಕೆ ತಕ್ಕಂತೆ ಮಾಡಿದ್ದಾರೆ. ನಮ್ಮ ಹಳೆಯದಕ್ಕೆ ಅದನ್ನು ಕೂರಿಸಬೇಕಾದರೆ ಅಗಲದ ಹೊಸ ರಿಮ್ಮು, ಹೊಸ ಕಡ್ಡಿಗಳು ಬೇಕು. ಚೈನಿನ ಪಕ್ಕ ಜಾಗ ಸಾಲದೆ ಹೋದರೆ ಅದಕ್ಕೊಂದು ದಾರಿ ಹುಡುಕಬೇಕು.

ಆ ರಾತ್ರಿ ಮಗಳು ಟೂಲ್ಸ್ ಡಬ್ಬಿಯಿಂದ ಎಣ್ಣೆ ಮೆತ್ತಿದ ಕೈಪಿಡಿ ತಂದಳು. ಟೈರಿನ ಪುಟದಲ್ಲಿ ಅವರಪ್ಪನ ಕೈಬರಹ, ಕೆಂಪು ಪೆನ್ಸಿಲಿನಲ್ಲಿ: '3.25-19. ಬೇರೆ ಬೇಡ.' ಕೆಳಗೆ ಎರಡು ಗೆರೆ. ನನ್ನೊಡನೆ ಆಡದ ಮಾತನ್ನು ಆ ಪುಟದಲ್ಲಿ ಆಡಿದ್ದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಆಮೇಲೆ ಮಗಳೇ ಮೆಲ್ಲಗೆ ಕೇಳಿದಳು, '3.50 ಆದ್ರೆ ಏನಾಗುತ್ತಮ್ಮಾ?' ಊಟದ ಮೇಜಿನ ಮೇಲೆ ಲೆಕ್ಕಕ್ಕೆ ಕೂತೆವು. 19ಕ್ಕೆ ಏಳು ಕೂಡಿದರೆ 26. ನೆತ್ತಿ ಏರುವುದು ಕಾಲಿಂಚು. ಬುಲೆಟ್ಟಿನ ಕಿರಿದಾದ ರಿಮ್ಮಿಗೆ 3.50 ಹಿಸುಕದೆ ಕೂರುತ್ತದೆಂದು ಸಾಬರು ಹೇಳಿದ್ದರು. ಚಕ್ರದ ಸುತ್ತು ನೂರಕ್ಕೆ ಎರಡು ಪಾಲು ಹೆಚ್ಚುವುದರಿಂದ ಘಾಟಿ ಏರುವಾಗ ಇಂಜಿನ್ನಿಗೆ ಕೂದಲೆಳೆಯಷ್ಟು ಭಾರ. 4.00 ಆಗಿದ್ದರೆ ಅದು ಆರು ಪಾಲಾಗುತ್ತಿತ್ತು. ಲಾಭವೆಂದರೆ ಹೊರುವ ಶಕ್ತಿ ಸ್ವಲ್ಪ ಹೆಚ್ಚು. 1984ರ ನನ್ನ ತೂಕಕ್ಕೂ ಈಗಿನದಕ್ಕೂ ಇರುವ ಅಂತರವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಮಗಳೂ ಕೇಳಲಿಲ್ಲ.

ಕಾಗದದ ಲೆಕ್ಕ ಸರಿ, ಆದರೆ ಘಾಟಿಯ ಗುಂಡಿ ಕಾಗದ ಓದುವುದಿಲ್ಲ. ಟೈರಿನ ನಿಜವಾದ ಎತ್ತರವೂ ಒಂದೊಂದು ಕಂಪನಿಯದು ಒಂದೊಂದು ಥರ. ಮಾರನೆಯ ದಿನ 3.50 ಟೈರು ಹಾಕಿಸಿ ನಾನು ಅಡುಗೆಮನೆಯಿಂದ ಚಪಾತಿಯ ಕಣಕ ತೆಗೆದುಕೊಂಡು ಹೋದೆ. ಸಾಬರು ಕನ್ನಡಕದ ಮೇಲಿಂದ ನೋಡಿದರು. ಮಡ್ಗಾರ್ಡಿನ ಒಳಗೆ, ಆ ಬೋಲ್ಟುಗಳ ಮೇಲೆ, ಅರ್ಧ ಇಂಚು ದಪ್ಪಕ್ಕೆ ಕಣಕ ಮೆತ್ತಿದೆ. ಚೀಲ ಹೇರಿ, ಮಗಳು ಮುಂದೆ, ನಾನು ಹಿಂದೆ ಕೂತು, ಇಬ್ಬರಿದ್ದಾಗ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ ಎಂದು ಕೈಪಿಡಿ ಹೇಳುತ್ತದೋ ಅಷ್ಟು ಹೊಡೆಸಿ, ಬಡಾವಣೆಯ ಹಂಪುಗಳ ಮೇಲೆಲ್ಲ ಹತ್ತಿಸಿ ಇಳಿಸಿ ಬಂದೆವು. ಬಗ್ಗಿ ನೋಡಿದರೆ ಕಣಕ ಇಟ್ಟಂತೆಯೇ ಇತ್ತು, ಟೈರಿನ ಗುರುತು ಒಂದೂ ಇಲ್ಲ. ಸಾಬರು, 'ಮೇಷ್ಟ್ರು ಇದ್ದಿದ್ರೆ ನಿಮಗೆ ನೂರಕ್ಕೆ ನೂರು ಹಾಕ್ತಿದ್ರು ಅಮ್ಮಾವ್ರೇ' ಎಂದರು. ಇದ್ದಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ. ಆ ಕೆಂಪು ಗೆರೆ ಎಳೆಸಿದ್ದು ಭಯ, ಅದು ಸುಳ್ಳು ಭಯವೂ ಅಲ್ಲ. ಆದರೆ ಮೂವತ್ತೆರಡು ವರ್ಷದಲ್ಲಿ ಒಂದು ಸಲ ಹೀಗೆ ಕೂತು ಅಳೆದು ನೋಡಿದ್ದರೆ, ನಾವಿಬ್ಬರೂ ಎಷ್ಟು ಊರು ನೋಡಬಹುದಿತ್ತು ಎಂದು ನನಗೆ ಅನ್ನಿಸದೆ ಇರಲಿಲ್ಲ.

1934ರ ಡಿಸೆಂಬರಿನಲ್ಲಿ ಥೆರೆಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಹೆಂಗಸರು ಪ್ಯಾಂಥರ್ ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲು, ಹಿಂದೊಂದು ಗಾಡಿ ಕಟ್ಟಿಕೊಂಡು ಲಂಡನ್ನಿನಿಂದ ಹೊರಟು ಸಹಾರಾ ದಾಟಿ ಮುಂದಿನ ಜುಲೈಗೆ ಕೇಪ್‌ಟೌನ್ ಮುಟ್ಟಿದರಂತೆ. ಮಗಳು ಅದನ್ನು ಹೇಳಿದಾಗ, 'ನನಗೆ ಧರ್ಮಸ್ಥಳ ಸಾಕು ತಾಯಿ' ಎಂದೆ.

ಹೋಗಿ ಬಂದೆವು. ಚಾರ್ಮಾಡಿಯಲ್ಲಿ ಆ ತಿರುವಿನ ಹತ್ತಿರ ಮಗಳಿಗೆ ನಿಲ್ಲಿಸಲು ಹೇಳಿದೆ. ಇಳಿದು, ಎಡಗೈಯಿಂದಲೇ ಹಿಂದಿನ ಟೈರು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಎಲ್ಲಿಯೂ ತರಚಿರಲಿಲ್ಲ. ರಬ್ಬರಿನ ವಾಸನೆಯೂ ಇರಲಿಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಮಾತ್ರ.

ನಿಮ್ಮ ಮನೆಯ ಸ್ಕೂಟರಿನ ಟೈರನ್ನೂ ಒಮ್ಮೆ ಒರೆಸಿ ನೋಡಿ. ಹಲವು ಸ್ಕೂಟರುಗಳ ಮೇಲೆ 90/100-10 53ಜೆ ಎಂದಿರುತ್ತದೆ. ಆ 53 ಎಂದರೆ ಆ ಟೈರು 206 ಕಿಲೋ ಹೊರಬಲ್ಲದು ಎಂದು, 'ಜೆ' ಎಂದರೆ ಗಂಟೆಗೆ ನೂರು ಕಿಲೋಮೀಟರು ವೇಗದವರೆಗೆ. ಪಕ್ಕದಲ್ಲೇ ಅದು ಹುಟ್ಟಿದ ವಾರ, ವರ್ಷ. ಸೀರೆಯ ಅಂಚು, ಚಿನ್ನದ ಗುರುತು ನೋಡದೆ ನಾವು ಕೊಳ್ಳುವುದಿಲ್ಲ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಚಕ್ರದ ಅಂಕೆಯನ್ನು ಮಾತ್ರ ಯಾಕೆ ಅಂಗಡಿಯವನಿಗೆ ಬಿಡಬೇಕು?

ಕಳೆದ ವಾರ ಬಳೆ ಅಂಗಡಿಗೆ ಹೋಗಿದ್ದೆ. 'ಎರಡು ಕೈಗೆ ಎರಡು ಸೈಜಾ?' ಎಂದು ಅವನು ಮತ್ತೆ ಕೇಳಿದ. 'ಹೌದಪ್ಪಾ, ಬಲಗೈಗೆ ಎರಡು ನಾಲ್ಕು, ಎಡಗೈಗೆ ಎರಡು ಆರು. ಸರಿಯಾಗಿ ನೋಡಿ ಕೊಡು' ಎಂದೆ.