ಲೂಪಸ್, ಜಕ್ಕೂರು ಮತ್ತು ಜೀನಿನ ಬೀಗ

ಯಲಹಂಕದಲ್ಲಿ ನಮ್ಮ ಹಿಂದಿನ ಬೀದಿಯವರೊಬ್ಬರಿಗೆ ಲೂಪಸ್ ಇದೆ. ಕೆನ್ನೆ ಮೇಲೆ ಕೆಂಪು ಗುರುತು, ಕೀಲುನೋವು, ಈಗ ಕಿಡ್ನಿಗೂ ತೊಂದರೆ. ಮೊನ್ನೆ ಕೇಳಿದರು, "ಇದು ನನ್ನ ಮಗಳಿಗೂ ಬರುತ್ತಾ?" ನಾನು ಡಾಕ್ಟರಲ್ಲ. ಆದರೂ ಕೂತು ಒಂದಿಷ್ಟು ಓದಿದೆ.

ಲೂಪಸ್ ಅಂದರೆ ನಮ್ಮನ್ನು ಕಾಯಬೇಕಾದ ಬಿಳಿರಕ್ತಕಣಗಳು ನಮ್ಮ ಮೇಲೇ ತಿರುಗಿ ಬೀಳೋದು. ಇದರ ಒಂದು ಸುಳಿವು ಸಿಕ್ಕಿದ್ದು ಬಿಪಿ ಮಾತ್ರೆಯಿಂದ! 1950ರ ದಶಕದಲ್ಲಿ ಹೈಡ್ರಲಜೀನ್ ನುಂಗುತ್ತಿದ್ದ ಕೆಲವರಿಗೆ ಲೂಪಸ್‌ನಂಥದ್ದೇ ಕಾಯಿಲೆ ಬಂತು. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತಿತ್ತು. ಹುಟ್ಟಿನಿಂದ ಬಂದ ಜೀನ್ ಹಾಗೆ ಬಂದು ಹೋಗುವುದಿಲ್ಲವಲ್ಲ, ಮತ್ತೆ ಬದಲಾಗಿದ್ದೇನು?

ಉತ್ತರಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನಮ್ಮ ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ಬೀಗಗಳಿರುತ್ತವೆ. ಬೀಗ ಬಿದ್ದ ಜೀನ್ ಸಾಧಾರಣವಾಗಿ ಸುಮ್ಮನಿರುತ್ತದೆ. ಟಿ ಕಣಗಳಲ್ಲಿ ಈ ಬೀಗ ಬೀಳುವುದನ್ನೇ ಹೈಡ್ರಲಜೀನ್ ತಡೆಯುತ್ತದೆ ಅಂತ 1988ರಲ್ಲಿ ತೋರಿಸಿದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬ್ರೂಸ್ ರಿಚರ್ಡ್‌ಸನ್ ತಂಡ. 1990ರಲ್ಲಿ ಲೂಪಸ್ ರೋಗಿಗಳ ಟಿ ಕಣಗಳಲ್ಲೂ ಬೀಗ ಕಡಿಮೆ ಅಂತ ಅದೇ ತಂಡ ಕಂಡಿತು. ಲೂಪಸ್ ಬಂದ ಹತ್ತರಲ್ಲಿ ಒಂಬತ್ತು ಜನ ಹೆಂಗಸರು. ಅವರಲ್ಲಿರುವ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಬಹುಪಾಲು ಬೀಗ ಹಾಕಿಕೊಂಡಿರಬೇಕು. ಲೂಪಸ್‌ನಲ್ಲಿ ಅಲ್ಲಿನ ಒಂದು ಜೀನ್ ಬೀಗ ಕಳಚಿಕೊಳ್ಳುವುದು 2007ರಲ್ಲಿ ಗೊತ್ತಾಯಿತು.

ಇನ್ನೊಂದು ಬಗೆಯ ಬೀಗ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲಿನದು. ಅದರ ಕೆಲಸ ನಡೆದದ್ದು ಇಲ್ಲೇ ಪಕ್ಕದ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಹಿಸ್ಟೋನ್ ಸಡಿಲಿಸಿ ಜೀನ್ ತೆರೆಯುವ ಪಿ300 ಎಂಬ ಕಿಣ್ವವನ್ನು ತಡೆಯುವ ವಸ್ತುಗಳನ್ನು ತಪಸ್ ಕುಂಡು ತಂಡ ಹುಡುಕಿತು. ಸಿಕ್ಕಿದ್ದೆಲ್ಲಿ ಗೊತ್ತಾ? 2003ರಲ್ಲಿ ಗೇರುಬೀಜದ ಸಿಪ್ಪೆಯೆಣ್ಣೆಯಲ್ಲಿ, 2004ರಲ್ಲಿ ನಮ್ಮ ಕರಾವಳಿಯ ಪುನರ್ಪುಳಿ ಸಿಪ್ಪೆಯಲ್ಲಿ! ಇದು ಲೂಪಸ್‌ಗಾಗಿ ಮಾಡಿದ ಕೆಲಸವಲ್ಲ. ಪುನರ್ಪುಳಿ ಶರಬತ್ತು ಕುಡಿದರೆ ವಾಸಿ ಅಂತ ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಆದರೆ ಬೀಗವನ್ನು ಹೊರಗಿನಿಂದ ತಿರುಗಿಸಬಹುದು ಅನ್ನುವುದಕ್ಕೆ ಸಾಕ್ಷಿ ನಮ್ಮೂರಲ್ಲೇ ಸಿಕ್ಕಿತ್ತು.

ಪಕ್ಕದ ಬೀದಿಯ ಪ್ರಶ್ನೆಗೆ ಬರೋಣ. ಒಂದೇ ಜೀನ್‌ಗಳಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೂ ಹೆಚ್ಚಿನ ಜೋಡಿಗಳಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಮಗಳಿಗೆ ಅಪಾಯ ಬೇರೆಯವರಿಗಿಂತ ಹೆಚ್ಚು, ಆದರೆ ಬರಲೇಬೇಕು ಅಂತಿಲ್ಲ. ಇಷ್ಟು ಹೇಳಿದ್ದಕ್ಕೆ ಅವರು, "ಇದನ್ನೇ ನಮ್ಮ ಅತ್ತೆಗೂ ಬಂದು ಹೇಳ್ತೀರಾ?" ಅಂದರು. ಭಾನುವಾರ ಹೋಗಬೇಕು.