ಕರೆಂಟಿನ ನೀರಲ್ಲಿ ಬ್ಯಾಟರಿ ದೋಣಿ

ಇವತ್ತಿನ ಕತೆ ವರದಮೂಲದಿಂದ ಶುರು. ಸಾಗರದಿಂದ ಸ್ವಲ್ಪ ದೂರ, ಇಕ್ಕೇರಿಗೆ ಹತ್ತಿರ ಇರೋ ಚಿಕ್ಕ ಊರು. ಅಲ್ಲಿ ಹುಟ್ಟೋ ವರದಾ ನದಿ ಬನವಾಸಿ ದಾಟಿ, ಗಳಗನಾಥದಲ್ಲಿ ತುಂಗಭದ್ರೆಗೆ ಸೇರಿ, ಪೂರ್ವದ ಕಡಲಿಗೆ ಹೋಗುತ್ತೆ. ಅದೇ ಸಾಗರ ತಾಲೂಕಿನ ಇನ್ನೊಂದು ಪಕ್ಕದಲ್ಲಿ ಶರಾವತಿ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತೆ. ಒಂದೇ ಮಳೆ, ಎರಡು ದಿಕ್ಕು. ಆದ್ರೆ ಕರೆಂಟು ಹುಟ್ಟಿದ್ದು ಪಶ್ಚಿಮಕ್ಕೆ ಹೋದ ನೀರಲ್ಲಿ.

ಜೋಗದ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರ ಶುರುವಾಗಿದ್ದು 1948ರಲ್ಲಿ. ಅದಕ್ಕೆ ನೀರು ಕೊಡ್ತಿದ್ದದ್ದು ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಆ ಹಳೇ ಅಣೆಕಟ್ಟೇ ಮುಳುಗಿಹೋಯ್ತು. ಬೇಸಿಗೇಲಿ ನೀರು ತುಂಬಾ ಇಳಿದಾಗ ಈಗಲೂ ತಲೆ ಎತ್ತುತ್ತೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಈ ನೀರು ಸಾಗರ, ಹೊಸನಗರ ತಾಲೂಕುಗಳ ಗದ್ದೆ, ತೋಟ, ದೇವಸ್ಥಾನ ಎಲ್ಲಾ ನುಂಗಿತು. ಗುಡ್ಡದ ತಲೆಗಳು ದ್ವೀಪ ಆದ್ವು. ನಾಡಿಗೆಲ್ಲ ಬೆಳಕು ಕೊಟ್ಟ ಜನ ಎಷ್ಟೋ ವರ್ಷ ಸೀಮೆಎಣ್ಣೆ ದೀಪದಲ್ಲಿ ಉಳಿದ್ರು. ಜಮೀನಿನ ಹಕ್ಕುಪತ್ರಕ್ಕೆ ಈಗಲೂ ಅಲೆಯೋರು ಇದ್ದಾರೆ.

ಈಗ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗಿದೆ, 2025ರ ಜುಲೈನಲ್ಲಿ ಉದ್ಘಾಟನೆ ಆಯ್ತು. ಆದ್ರೆ ಹಿನ್ನೀರಲ್ಲಿ ಬಲೆ ಹಾಕೋರಿಗೆ ಸೇತುವೆ ಉಪಯೋಗಕ್ಕೆ ಬರಲ್ಲ. ಅವರಿಗೆ ದೋಣಿಯೇ ಬೇಕು. ದೋಣಿಗೆ ದೀಪ ಬೇಕು, ಈಚೆಗೆ ಸಣ್ಣ ಮೋಟರೂ ಬೇಕು. ಕರೆಂಟು ಹುಟ್ಟೋ ನೀರಿನ ಮೇಲೆ ತೇಲ್ತಾ ಕರೆಂಟನ್ನ ಡಬ್ಬದಲ್ಲಿ ಹೊತ್ಕೊಂಡು ಹೋಗಬೇಕು ಅನ್ನೋದೇ ತಮಾಷೆ.

ನಾನು ಇದನ್ನ ಪಾಠ ಕಲಿತು ಹೇಳ್ತಿದ್ದೀನಿ. ಗೆಳೆಯನೊಬ್ಬ ಹಳೇ ಕಾರಿನ ಬ್ಯಾಟರಿ ತಂದ. ಅದಕ್ಕೇ ಮೋಟರು, ಅದಕ್ಕೇ ದೀಪ. ಬಲೆ ಬಿಟ್ಟು ವಾಪಸ್ ಬರುವಾಗ ಕತ್ತಲಾಗಿತ್ತು. ಮೊದಲು ಮೋಟರು ಗೊರಗೊರ ಅಂತು, ಆಮೇಲೆ ದೀಪ ಕೆಂಪಾಯ್ತು, ಆಮೇಲೆ ಏನೂ ಇಲ್ಲ. ಗಾಳಿ ಬೇರೆ. ನೀರೊಳಗೆ ಮುಳುಗಡೆಯಾದ ಕಾಡಿನ ಒಣಗಿದ ಬೊಡ್ಡೆಗಳು ಎಲ್ಲಿ ನಿಂತಿದಾವೋ ಕಾಣಲ್ಲ. ಎರಡು ಸಲ ದೋಣಿಯ ತಳ ಉಜ್ಜಿದ ಸದ್ದು ಈಗಲೂ ಕಿವೀಲಿದೆ. ಒಂದೇ ಹುಟ್ಟಿನಲ್ಲಿ ದಡ ಮುಟ್ಟೋ ಹೊತ್ತಿಗೆ ಇಬ್ರ ಕೈಯೂ ಬೊಬ್ಬೆ.

ತಪ್ಪು ಎಲ್ಲಿ ಆಯ್ತು? ಉತ್ತರ ಇತಿಹಾಸದಲ್ಲಿದೆ. ಇಟಲಿಯ ವೋಲ್ಟಾ 1800ರಲ್ಲಿ ಮೊದಲ ಬ್ಯಾಟರಿ ತೋರಿಸಿದ. 1838ರಲ್ಲಿ ಯಾಕೋಬಿ ಅನ್ನೋ ಇಂಜಿನಿಯರ್ ರಷ್ಯಾದ ನೇವಾ ನದೀಲಿ ಬ್ಯಾಟರಿ ದೋಣಿ ಓಡಿಸಿಬಿಟ್ಟ. ಅಂದ್ರೆ ಬ್ಯಾಟರಿ ದೋಣಿ ಪೆಟ್ರೋಲ್ ಕಾರಿಗಿಂತ ಹಳೇದು! ಆದ್ರೆ ಅವನ ಬ್ಯಾಟರೀಲಿ ಸತು ಕರಗಿ ಖಾಲಿಯಾಗ್ತಿತ್ತು, ಖರ್ಚು ತಾಳಲಿಲ್ಲ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿ ಬಂದದ್ದು 1859ರಲ್ಲಿ, ಫ್ರಾನ್ಸಿನ ಪ್ಲಾಂಟೆ ಕೈಯಿಂದ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಅದಕ್ಕೆ ಬೇಕಾದ್ದು ಎರಡು ಮೂರು ಸೆಕೆಂಡಿನ ದೊಡ್ಡ ಹೊಡೆತ. ಹಾಗಾಗಿ ಕಾರಿನ ಬ್ಯಾಟರೀಲಿ ತೆಳು ಫಲಕಗಳು ಜಾಸ್ತಿ. ದೋಣಿಗೆ ಬೇಕಾದ್ದು ಗಂಟೆಗಟ್ಟಲೆ ನಿಧಾನದ ಕೆಲಸ. ಕಾರಿನ ಬ್ಯಾಟರಿಯನ್ನ ಪೂರ್ತಿ ಖಾಲಿ ಮಾಡ್ತಾ ಹೋದ್ರೆ ಆ ತೆಳು ಫಲಕ ಬೇಗ ಹಾಳಾಗುತ್ತೆ. ನಮಗೆ ಬೇಕಿದ್ದದ್ದು ದಪ್ಪ ಫಲಕದ ಡೀಪ್ ಸೈಕಲ್ ಬ್ಯಾಟರಿ. ಓಟಗಾರನ ಹತ್ರ ನಾವು ಮೂಟೆ ಹೊರಿಸಿದ್ವಿ.

ಇನ್ನೊಂದು ದಾರಿ ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಇದನ್ನ ಜಗತ್ತಿಗೆ ತೋರಿಸಿದ ಲೇಖನದ ಮೇಲೆ ಮೂರು ಹೆಸರಿದೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಎನಫ್. ನಡುವಿನ ಹೆಸರು ಕೇಳಿ ನನಗೂ ಖುಷಿಯಾಯ್ತು, ನಿಮಗೂ ಆಗುತ್ತೆ ಅಂದ್ಕೊಂಡಿದೀನಿ. ಗುಡ್‌ಎನಫ್ ಅವರಿಗೆ ಲಿಥಿಯಂ ಬ್ಯಾಟರಿ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂತು.

ಲೆಕ್ಕ ಸುಲಭ. 12 ವೋಲ್ಟಿನ ಸಣ್ಣ ಮೋಟರು ಪೂರ್ತಿ ವೇಗದಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತೆ ಅಂತ ಇಟ್ಕೊಳ್ಳಿ. 100 ಆಂಪಿಯರ್-ಅವರ್ ಸೀಸದ ಬ್ಯಾಟರೀಲಿ ಅರ್ಧ ಮಾತ್ರ ಬಳಸಿದ್ರೆ ಒಳ್ಳೇದು. ಅಂದ್ರೆ ಹೆಚ್ಚೆಂದರೆ ಒಂದೂವರೆ ಗಂಟೆ, ಜೋರಾಗಿ ಎಳೆದ್ರೆ ಇನ್ನೂ ಕಡಿಮೆ. ಅಷ್ಟೇ ಅಳತೆಯ ಲಿಥಿಯಂನಲ್ಲಿ 80ರವರೆಗೆ ಬಳಸಬಹುದು, ಎರಡೂವರೆ ಗಂಟೆ ದಾಟುತ್ತೆ. ಸೀಸದ್ದು 25 ಕೆಜಿ ಮೇಲೆ ತೂಗಿದ್ರೆ ಲಿಥಿಯಂ ಅದರ ಅರ್ಧದ ಆಸುಪಾಸು. ಸಣ್ಣ ದೋಣೀಲಿ ಇದು ದೊಡ್ಡ ವಿಷಯ. ಕೊಳ್ಳುವಾಗಿನ ಬೆಲೆ ಮಾತ್ರ ಲಿಥಿಯಂದೇ ಹೆಚ್ಚು.

ಜೋಡಿಸುವಾಗ ಬ್ಯಾಟರಿ ದೋಣಿಯ ನಡುವೆ, ತಳಕ್ಕೆ ಹತ್ತಿರ ಇರಲಿ. ಡಬ್ಬದಲ್ಲಿಟ್ಟು ಬೆಲ್ಟಿನಿಂದ ಬಿಗಿಯಿರಿ, ಅಲೆಗೆ ಜಾರಬಾರದು. ಸೀಸದ್ದಾದ್ರೆ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತೆ, ಗಾಳಿಯಾಡಬೇಕು, ಹತ್ತಿರ ಬೀಡಿ ಬೆಂಕಿ ಬೇಡ. ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಮೋಟರಿಗೆ ಮನೆ ಬಲ್ಬಿನ ತೆಳು ವೈರ್ ಹಾಕಿದ್ರೆ ಬಿಸಿಯಾಗಿ ಕರಗುತ್ತೆ, ದಪ್ಪದ್ದೇ ಬೇಕು. ಹಳೇದು ಹೊಸದು ಎರಡನ್ನ ಕೂಡಿಸಬೇಡಿ, ಹಳೇದು ಹೊಸದನ್ನೂ ಕೆಡಿಸುತ್ತೆ. ಲಿಥಿಯಂಗೆ ಅದರದೇ ಚಾರ್ಜರ್ ಬೇಕು.

ಒಂದು ಮಾತು ಮರೀಬೇಡಿ. ಸೀಸದ ಬ್ಯಾಟರಿ ಸಾಯೋ ಮುಂಚೆ ನಿಧಾನವಾಗ್ತಾ ಸೂಚನೆ ಕೊಡುತ್ತೆ. ಲಿಥಿಯಂನೊಳಗಿನ ರಕ್ಷಣಾ ಸರ್ಕ್ಯೂಟ್ ಖಾಲಿಯಾದ ತಕ್ಷಣ ಪಟ್ ಅಂತ ಕಟ್ ಮಾಡುತ್ತೆ. ಅದಕ್ಕೇ ದೀಪಕ್ಕೆ ಬೇರೆಯದೇ ಚಿಕ್ಕ ಬ್ಯಾಟರಿ ಇಡಿ. ಎರಡು ಹುಟ್ಟು ಇರಲಿ, ಲೈಫ್ ಜಾಕೆಟ್ ಮೈಮೇಲೆ ಇರಲಿ. ಅರ್ಧ ಚಾರ್ಜ್ ಮುಗಿಯೋ ಮುಂಚೆ ದಡದ ಕಡೆ ತಿರುಗಿ.

ಗೆಳೆಯ ಈಗ ಡೀಪ್ ಸೈಕಲ್ ಬ್ಯಾಟರಿ ತಗೊಂಡಿದಾನೆ, ದೀಪಕ್ಕೆ ಬೇರೆ. ಆ ಹಳೇ ಕಾರಿನ ಬ್ಯಾಟರೀನ ಗುಜರಿಗೆ ಕೊಟ್ವಿ. ಹೊಳೆಗೆ ಎಸೆಯೋಣ ಅಂದಿದ್ದ, ನಾನು ಬಿಡಲಿಲ್ಲ. ಸೀಸ ಮೀನಿಗೂ ವಿಷ, ಅದನ್ನ ತಿನ್ನೋ ನಮಗೂ ವಿಷ. ಈ ನೀರು ಈಗಾಗಲೇ ಸಾಕಷ್ಟು ನುಂಗಿದೆ, ಅಲ್ವಾ?

ಮುಂದಿನ ಕಂತಿನಲ್ಲಿ ಸಿಗೋಣ.